ಕಪ್ಪುಕುಳಿ ಮತ್ತು ಬೀಗದ ಕೈ

ಪ್ರತಿ ವರ್ಷ ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಶಾಲೆಯಲ್ಲಿ ಡೆಡ್ ಸ್ಟಾಕ್ ರಿಜಿಸ್ಟರು ಹೊರಗೆ ಬರುತ್ತದೆ. ಬೆಂಚು, ಗ್ಲೋಬು, ಘಂಟೆ, ಭೂಪಟ, ನೀರಿನ ಡ್ರಮ್ಮು ಎಲ್ಲವೂ ಇದೆಯೇ ಇಲ್ಲವೇ ಎಂದು ಎಣಿಸಬೇಕು. ಇನ್ನು ಕೆಲಸಕ್ಕೆ ಬಾರದ್ದರ ಮುಂದೆ ‘ನಿರುಪಯುಕ್ತ’ ಎಂದು ಬರೆದು ಹರಾಜಿಗೆ ಹಾಕಬೇಕು. ದೂಳಿನ ಈ ಕೆಲಸ ಯಾರಿಗೂ ಬೇಡ. ಆದ್ದರಿಂದ ಅದು ಸಮಾಜ ವಿಜ್ಞಾನದ ಮೇಡಂ ಆದ ನನ್ನ ಪಾಲಿಗೆ ಬರುತ್ತದೆ. ಚರಿತ್ರೆ ಕಲಿಸುವವಳಿಗೆ ಹಳೆಯ ಸಾಮಾನಿನ ಮೇಲೆ ಪ್ರೀತಿ ಇದ್ದೇ ಇರುತ್ತದೆ ಎನ್ನುವುದು ನಮ್ಮ ಹೆಡ್‌ಮಾಸ್ಟರರ ತರ್ಕ.

ಹೋದ ಸಲ ಹಾಗೆ ಎಣಿಸುತ್ತಿದ್ದಾಗ, ಸುರುಳಿ ಸುತ್ತಿಟ್ಟ ಭೂಪಟಗಳ ಕೆಳಗೆ ಒಂದು ಡಬ್ಬಿ ಕಾಣಿಸಿತು. ಕೆನೆಬಣ್ಣ ಹಳದಿಗೆ ತಿರುಗಿತ್ತು. ಟೈಪ್‌ರೈಟರಿನಂಥ ದಪ್ಪ ಕೀಲಿಗಳು, ಮೇಲಿನ ಸಾಲಿನಲ್ಲಿ ಹತ್ತು ಕೆಂಪು ಕೀಲಿಗಳು, ಅದರ ಮೇಲಿನ ಪಟ್ಟಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಬಿಡಿಸಿದ ಒಂದು ಗೂಬೆ. ಸೆರಗಿನಿಂದ ದೂಳು ಒರೆಸುವ ಮೊದಲೇ ನನಗೆ ಗುರುತು ಸಿಕ್ಕಿತು. ರಿಜಿಸ್ಟರಿನಲ್ಲಿ ‘ಕಂಪ್ಯೂಟರ್, ಬಿಬಿಸಿ, ೧೯೮೫’ ಎಂದಿತ್ತು. ನಾನು ಓದಿದ್ದೂ ಇದೇ ಶಾಲೆಯಲ್ಲಿ. ಆ ಡಬ್ಬಿ ಬಂದಾಗ ನಾನು ಒಂಬತ್ತನೆಯ ತರಗತಿ.

ಅದು ಬಂದ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಬಿಬಿಸಿ ಸಂಸ್ಥೆ ೧೯೮೨ರಲ್ಲಿ ಜನಸಾಮಾನ್ಯರಿಗೆ ಕಂಪ್ಯೂಟರ್ ಕಲಿಸಲು ಟಿವಿಯಲ್ಲಿ ಪಾಠ ಆರಂಭಿಸಿತು. ಪಾಠದ ಜೊತೆಗೆ ಮನೆಗಳಲ್ಲಿ, ಶಾಲೆಗಳಲ್ಲಿ ಇಟ್ಟುಕೊಳ್ಳಬಹುದಾದ ಒಂದು ಯಂತ್ರವೂ ಬೇಕೆಂದು ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಿಂದ ಅದನ್ನು ಮಾಡಿಸಿತು. ಅದೇ ಬಿಬಿಸಿ ಮೈಕ್ರೊ. ೧೯೮೪-೮೫ರಲ್ಲಿ ನಮ್ಮ ಕೇಂದ್ರ ಸರಕಾರ ‘ಕ್ಲಾಸ್’ ಎಂಬ ಯೋಜನೆ ತಂದು, ಮೊದಲ ಸುತ್ತಿನಲ್ಲಿ ದೇಶದ ಸುಮಾರು ೨೫೦ ಶಾಲೆಗಳಿಗೆ ಈ ಯಂತ್ರವನ್ನೇ ಕೊಟ್ಟಿತು. ಅದರಲ್ಲಿ ಎರಡು ನಮ್ಮ ಊರಿಗೂ ಬಂದವು. ಬಂದ ದಿನ ಊದುಬತ್ತಿ ಹಚ್ಚಿ, ತೆಂಗಿನಕಾಯಿ ಒಡೆದು ಪೂಜೆ ಮಾಡಿದೆವು. ಗೂಬೆಯ ಚಿತ್ರ ನೋಡಿ ಆಡಳಿತ ಮಂಡಳಿಯ ಹಿರಿಯರೊಬ್ಬರ ಮುಖ ಹುಳ್ಳಗಾಯಿತು. “ವಿದ್ಯೆಯ ಮನೆಗೆ ಗೂಬೆ ತಂದಿದ್ದೀರಲ್ಲ!” ಎಂದರು. ಪಾಶ್ಚಾತ್ಯರಲ್ಲಿ ಗೂಬೆ ಜ್ಞಾನದ ಗುರುತು ಎಂದು ವಿಜ್ಞಾನದ ಸಾರ್ ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಕೊನೆಗೆ ಅದರ ಮೇಲೊಂದು ದೊಡ್ಡ ಕುಂಕುಮದ ಬೊಟ್ಟು ಇಟ್ಟರು. ಆ ಕೆಂಪು ಈಗಲೂ ಚೂರು ಉಳಿದಿದೆ.

ಆಮೇಲೆ ಆ ಕೋಣೆಗೆ ಕರ್ಟನ್ ಬಂತು, ಬೀಗ ಬಂತು. ಬೀಗದ ಕೈ ಕಂಪ್ಯೂಟರಿನ ಉಸ್ತುವಾರಿ ಹೊತ್ತ ಸಾರ್ ಅವರ ಜನಿವಾರದಲ್ಲಿತ್ತು. ಚಪ್ಪಲಿ ಹೊರಗೆ ಬಿಟ್ಟು, ವಾರಕ್ಕೊಮ್ಮೆ ಸಾಲಾಗಿ ಒಳಗೆ ಹೋಗುತ್ತಿದ್ದೆವು. ಗಂಡುಹುಡುಗರು ಕುರ್ಚಿಯಲ್ಲಿ, ನಾವು ಅವರ ಹಿಂದೆ ನಿಂತು. ಒಂದು ವರ್ಷದಲ್ಲಿ ನನ್ನ ಬೆರಳು ಕೀಲಿಗಳ ಮೇಲೆ ಓಡಾಡಿದ್ದು ಒಟ್ಟು ಹತ್ತು ನಿಮಿಷವಿದ್ದೀತು. ಆ ದಿನಗಳಲ್ಲಿ ಶಾಲೆಗೆ ಬರುತ್ತಿದ್ದ ವಿಜ್ಞಾನ ಮಾಸಿಕವೊಂದರಲ್ಲಿ ಕಪ್ಪುಕುಳಿಯ ಬಗ್ಗೆ ಓದಿದ್ದೆ. ಬೆಳಕನ್ನೂ ನುಂಗುವ ನಕ್ಷತ್ರ! ತಲೆಯಲ್ಲಿ ಅದೇ ಸುತ್ತುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಕೇಳಿದೆ: “ಸಾರ್, ಇದರಲ್ಲಿ ಕಪ್ಪುಕುಳಿ ಹೇಗಿರುತ್ತೆ ಅಂತ ನೋಡಬಹುದಾ? ಸಾಯಂಕಾಲ ನಾನು ಕೂತ್ಕೊಳ್ಲಾ?” ಅವರು ಕೆಟ್ಟವರಲ್ಲ. ನಕ್ಕರು. “ಹಾಳಾದ್ರೆ ಯಾರಮ್ಮ ಹೊಣೆ?” ಎಂದರು.

ಅಲ್ಲಿಗೆ ಅದು ಮುಗಿಯಿತು. ಊರಿನಲ್ಲಿದ್ದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಆಗ ಇದ್ದದ್ದು ಆರ್ಟ್ಸ್ ಮಾತ್ರ. ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ, ೧೯೯೫ರಲ್ಲಿ ಇದೇ ಶಾಲೆಗೆ ಮೇಡಂ ಆಗಿ ಬಂದೆ. ಪಾಣಿಪತ್ ಯುದ್ಧಗಳ ಇಸವಿ ಹೇಳಿಕೊಡುತ್ತ ಮೂವತ್ತು ವರ್ಷ ಕಳೆಯಿತು. ಆ ಬೀಗದ ಕಥೆಯನ್ನು ಮಾತ್ರ ಮದುವೆಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ಕಾಲದ ಹುಡುಗಿಯರಿಗೆ ಏನೆಲ್ಲ ತಪ್ಪಿಹೋಯಿತು ನೋಡಿ ಎಂದು ಕೊನೆಯಲ್ಲೊಂದು ನಿಟ್ಟುಸಿರು.

ಡಬ್ಬಿಯನ್ನು ಹರಾಜಿನ ಪಟ್ಟಿಗೆ ಸೇರಿಸಲು ಕೈ ಬರಲಿಲ್ಲ. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿರುವ ನನ್ನ ತಂಗಿಯ ಮಗಳು ಆ ವಾರ ಮನೆಗೆ ಬಂದಿದ್ದಳು. “ಇಷ್ಟು ಹಳೇ ಕಂಪ್ಯೂಟರಿನಲ್ಲಿ ಕಪ್ಪುಕುಳಿಯ ಚಿತ್ರ ಬರಿಸೋದು ನಿಜವಾಗಿ ಆಗ್ತಿತ್ತೇನೇ?” ಎಂದು ಕೇಳಿದೆ. ಇಲ್ಲ ಎಂದರೆ ನಲವತ್ತು ವರ್ಷದ ಕೊರಗು ಅಂದೇ ಇಳಿದುಹೋಗುತ್ತಿತ್ತು. ಅವಳು, “ಆಗ್ತಿತ್ತಲ್ಲ ದೊಡ್ಡಮ್ಮ, ಇದಕ್ಕಿಂತ ಹಳೇದರಲ್ಲೇ ಮಾಡಿದ್ದಾರೆ” ಎಂದುಬಿಟ್ಟಳು. ಆ ಚರಿತ್ರೆಯನ್ನು ಅವಳಿಂದ ಕೇಳಿ, ಆಮೇಲೆ ನಾನೂ ಓದಿ ತಿಳಿದುಕೊಂಡದ್ದು ಇಷ್ಟು.

ಕಪ್ಪುಕುಳಿಯ ಲೆಕ್ಕ ಮೊದಲು ಹುಟ್ಟಿದ್ದು ಯುದ್ಧಭೂಮಿಯಲ್ಲಿ. ಐನ್‌ಸ್ಟೈನ್ ೧೯೧೫ರ ನವೆಂಬರಿನಲ್ಲಿ ಗುರುತ್ವದ ಹೊಸ ಸಿದ್ಧಾಂತವನ್ನು ಮುಂದಿಟ್ಟರು. ಒಂದು ತಿಂಗಳೊಳಗೆ, ರಷ್ಯಾದ ಎದುರು ಜರ್ಮನ್ ಸೇನೆಯಲ್ಲಿದ್ದ ಖಗೋಳಜ್ಞ ಕಾರ್ಲ್ ಶ್ವಾರ್ಜ್‌ಷೀಲ್ಡ್ ಆ ಸಮೀಕರಣಗಳನ್ನು ಬಿಡಿಸಿ ಅವರಿಗೆ ಕಾಗದ ಬರೆದರು. ೧೯೧೬ರ ಮೇ ತಿಂಗಳಲ್ಲಿ ಕಾಯಿಲೆಯಿಂದ ತೀರಿಕೊಂಡರು. ಅವರ ಲೆಕ್ಕದ ಪ್ರಕಾರ ಯಾವುದೇ ವಸ್ತುವನ್ನು ಒಂದು ಅಳತೆಗಿಂತ ಚಿಕ್ಕದಾಗಿ ಹಿಂಡಿದರೆ ಬೆಳಕೂ ಅಲ್ಲಿಂದ ಹೊರಗೆ ಬರಲಾರದು. ಸೂರ್ಯನಿಗಾದರೆ ಆ ಅಳತೆ ನಡುವಿನಿಂದ ಸುಮಾರು ೩ ಕಿಲೋಮೀಟರು. ನಮ್ಮ ಇಡೀ ಭೂಮಿಗೆ ಸುಮಾರು ೯ ಮಿಲಿಮೀಟರು, ಅಂದರೆ ಹುಡುಗರು ಆಡುವ ಒಂದು ಗೋಲಿ! ಬೆಟ್ಟ, ಸಮುದ್ರ, ನಮ್ಮ ಶಾಲೆ, ಡೆಡ್ ಸ್ಟಾಕ್ ರಿಜಿಸ್ಟರು ಎಲ್ಲ ಸೇರಿ ಒಂದು ಗೋಲಿ.

ಕಾಣದ್ದರ ಚಿತ್ರ ಬಿಡಿಸುವುದು ಹೇಗೆ? ಕುಳಿ ಕಾಣದಿದ್ದರೂ ಅದರ ಸುತ್ತ ತಿರುಗುವ ಬಿಸಿ ಅನಿಲದ ತಟ್ಟೆ ಹೊಳೆಯುತ್ತದೆ. ಆ ಹೊಳಪು ನಮ್ಮ ಕಣ್ಣಿಗೆ ಬರುವ ದಾರಿಯಲ್ಲಿ ಹೇಗೆ ಬಾಗುತ್ತದೆ ಎಂದು ಒಂದೊಂದೇ ಕಿರಣಕ್ಕೆ ಲೆಕ್ಕ ಹಾಕಬೇಕು. ೧೯೭೯ರಲ್ಲಿ ಫ್ರಾನ್ಸಿನ ಮ್ಯೂಡಾನ್ ವೀಕ್ಷಣಾಲಯದಲ್ಲಿದ್ದ ಝಾನ್-ಪಿಯೆರ್ ಲ್ಯೂಮಿನೆ ಎಂಬ ತರುಣ ಈ ಕೆಲಸಕ್ಕೆ ಕೂತರು. ಅವರಿಗೆ ಸಿಕ್ಕಿದ್ದು ಐಬಿಎಂ ೭೦೪೦ ಎಂಬ, ಅರವತ್ತರ ದಶಕದ ಕಂಪ್ಯೂಟರು. ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆದು ಲೆಕ್ಕ ಒಪ್ಪಿಸಬೇಕು. ಅದು ಅಂಕೆಗಳನ್ನು ಕೊಡುತ್ತಿತ್ತು, ಚಿತ್ರವನ್ನಲ್ಲ. ಆಗ ಅವರು ಏನು ಮಾಡಿದರು ಗೊತ್ತೇ? ಆ ಅಂಕೆಗಳನ್ನು ಮುಂದಿಟ್ಟುಕೊಂಡು, ಕಪ್ಪು ಶಾಯಿಯಲ್ಲಿ ಕೈಯಿಂದಲೇ ಚುಕ್ಕಿ ಇಡುತ್ತ ಹೋದರು. ಬೆಳಕು ಹೆಚ್ಚಿದ್ದ ಕಡೆ ಚುಕ್ಕಿ ಒತ್ತಾಗಿ, ಕಡಿಮೆ ಇದ್ದ ಕಡೆ ವಿರಳವಾಗಿ. ಆಮೇಲೆ ಅದರ ನೆಗೆಟಿವ್ ತೆಗೆದರು. ಕಪ್ಪು ಚುಕ್ಕಿ ಬಿಳಿಯಾಯಿತು, ಬಿಳಿಯ ಕಾಗದ ಆಕಾಶದ ಕತ್ತಲಾಯಿತು. ತಟ್ಟೆಯೊಂದಿಗೆ ಕಪ್ಪುಕುಳಿ ಹೇಗೆ ಕಾಣಬೇಕೆಂದು ಲೆಕ್ಕದಿಂದ ಬಿಡಿಸಿದ ಮೊದಲ ಚಿತ್ರ ಅದು.

ಇದನ್ನು ಓದುವಾಗ ನನಗೆ ನಮ್ಮ ಮನೆಯ ಮುಂದಿನ ಅಂಗಳ ನೆನಪಾಯಿತು. ಸಗಣಿ ಸಾರಿಸಿದ ಕಪ್ಪು ನೆಲ, ಅಮ್ಮನ ಬೆರಳಿನಿಂದ ಉದುರುವ ಬಿಳಿಯ ಚುಕ್ಕಿಗಳು. ಹದಿನೈದರಿಂದ ಎಂಟು, ಹನ್ನೊಂದರಿಂದ ಆರು. ಚುಕ್ಕಿ ತಪ್ಪಿದರೆ ಚಿತ್ರವೇ ತಪ್ಪುತ್ತದೆ ಎಂದು ಆಕೆ ಎಣಿಸಿ ಇಡುತ್ತಿದ್ದಳು. ಫ್ರಾನ್ಸಿನ ಆ ವಿಜ್ಞಾನಿ ಮಾಡಿದ್ದು ಬೇರೆ ಲೆಕ್ಕ, ಆದರೆ ಕೈಗೆ ಬೇಕಾದ ತಾಳ್ಮೆ ಅದೇ.

ಈ ಚರಿತ್ರೆಯಲ್ಲಿ ನಮ್ಮವರೂ ಒಬ್ಬರಿದ್ದಾರೆ. ಬೆಂಗಳೂರಿನಲ್ಲಿ ೧೯೩೮ರಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ ಅವರು. ಅವರ ತಂದೆ ಸಿ.ಕೆ. ವೆಂಕಟರಾಮಯ್ಯನವರು ಕನ್ನಡದ ಬರಹಗಾರರು. ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿದ್ದ ವಿಶ್ವೇಶ್ವರ, ಕಪ್ಪುಕುಳಿಯ ಕಡೆಗೆ ಗುರುತ್ವದ ಅಲೆಯೊಂದನ್ನು ಎಸೆದರೆ ಏನಾದೀತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು. ಅಗಲವಾದ ಅಲೆ ಎಸೆದಾಗ ವಿಶೇಷವೇನೂ ಕಾಣಲಿಲ್ಲ. ಅಲೆಯನ್ನು ಸಪೂರ ಮಾಡುತ್ತ ಹೋದಂತೆ, ಹೊಡೆದ ಘಂಟೆಯ ನಾದ ಸಣ್ಣಗಾಗುತ್ತ ಅಡಗುವ ಹಾಗೆ ಒಂದು ಕಂಪನ ಹೊರಟಿತು. ೧೯೭೦ರಲ್ಲಿ ಅದನ್ನು ಪ್ರಕಟಿಸಿದರು. ನಲವತ್ತೈದು ವರ್ಷಗಳ ನಂತರ, ೨೦೧೫ರ ಸೆಪ್ಟೆಂಬರ್ ೧೪ರಂದು ಎರಡು ಕಪ್ಪುಕುಳಿಗಳು ಒಂದಾದ ಅಲೆ ಅಮೆರಿಕದ ಲೈಗೋ ಉಪಕರಣಗಳಿಗೆ ಸಿಕ್ಕಾಗ ಅದರ ಕೊನೆಯಲ್ಲಿದ್ದದ್ದು ಅಂಥದೇ ನಾದ. ೨೦೧೬ರ ಫೆಬ್ರವರಿಯಲ್ಲಿ ಈ ಸುದ್ದಿ ಹೊರಬಿದ್ದಾಗ ಅವರಿನ್ನೂ ಇದ್ದರು; ೨೦೧೭ರ ಜನವರಿಯಲ್ಲಿ ತೀರಿಕೊಂಡರು. ಬೆಂಗಳೂರಿನ ನೆಹರೂ ತಾರಾಲಯ ೧೯೮೯ರಲ್ಲಿ ಆರಂಭವಾದದ್ದು ಅವರ ನಿರ್ದೇಶನದಲ್ಲೇ. ನಾನು ೧೯೯೬ರ ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕತ್ತಲಲ್ಲಿ ಯಾವ ಮಗು ಕಳೆದುಹೋಗುತ್ತದೋ ಎಂದು ತಲೆ ಎಣಿಸುವುದರಲ್ಲೇ ಪ್ರದರ್ಶನ ಮುಗಿದಿತ್ತು. ಆ ಕಟ್ಟಡದ ಹಿರಿಯರು ಯಾರೆಂದು ಚರಿತ್ರೆಯ ಮೇಡಂಗೇ ಗೊತ್ತಿರಲಿಲ್ಲ.

ಲ್ಯೂಮಿನೆ ಅವರ ಚಿತ್ರ ಬಂದ ಎರಡು ಮೂರು ವರ್ಷಗಳಲ್ಲೇ ಇಂಗ್ಲೆಂಡ್, ಅಮೆರಿಕಗಳ ಮನೆಗಳಿಗೆ ಕಂಪ್ಯೂಟರು ಬಂತು. ೧೯೮೧ರ ಜೆಡ್‌ಎಕ್ಸ್ ೮೧ಕ್ಕೆ ಇದ್ದ ನೆನಪಿನ ಜಾಗ ೧ ಕೆಬಿ. ೧೯೮೨ರಲ್ಲಿ ಸ್ಪೆಕ್ಟ್ರಮ್ ಬಂತು, ೬೪ ಕೆಬಿಯ ಕಮೊಡೋರ್ ಬಂತು. ನಮ್ಮ ಬಿಬಿಸಿಯದು ೩೨ ಕೆಬಿ. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೋಗೆ ಅದರ ಎಷ್ಟೋ ಪಟ್ಟು ಜಾಗ ಬೇಕು. ಆದರೂ ಜನ ಇವನ್ನು ಆಟಕ್ಕಷ್ಟೇ ಬಳಸಲಿಲ್ಲ. ಹವ್ಯಾಸಿಗಳ ಪತ್ರಿಕೆಗಳಲ್ಲಿ ಬೇಸಿಕ್ ಭಾಷೆಯ ಪ್ರೋಗ್ರಾಮುಗಳನ್ನು ಅಡುಗೆಯ ವಿಧಾನದಂತೆ ಅಚ್ಚು ಹಾಕುತ್ತಿದ್ದರು. ಓದುಗರು ಒಂದೊಂದೇ ಸಾಲು ಟೈಪು ಮಾಡಿಕೊಳ್ಳುತ್ತಿದ್ದರು. ೧೯೮೪ರಿಂದ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯಲ್ಲಿ ಖಗೋಳದ ಲೆಕ್ಕಗಳಿಗೆಂದೇ ಒಂದು ಅಂಕಣವಿತ್ತು. ಗ್ರಹಣ, ಧೂಮಕೇತು, ಗ್ರಹಗಳ ದಾರಿ ಹೀಗೆ ಮನೆಯ ಟಿವಿಯ ಮೇಲೆ ಮೂಡಿದವು. ಬೆಳಕಿನ ಕಿರಣವೂ ಒಂದು ದಾರಿಯೇ. ಗ್ರಹದ ದಾರಿ ಎಳೆಯಬಲ್ಲ ಯಂತ್ರ ಕಪ್ಪುಕುಳಿಯ ಪಕ್ಕದಲ್ಲಿ ಬಾಗುವ ಬೆಳಕಿನ ದಾರಿಯನ್ನೂ ಎಳೆಯಬಲ್ಲದು.

ಸರಿ, ನಮ್ಮ ಯಂತ್ರಕ್ಕೆ ಜೀವ ಬರಿಸೋಣ ಎಂದು ನಾನು, ತಂಗಿಯ ಮಗಳು, ಜೊತೆಗೆ ನನ್ನ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಕೈಹಾಕಿದೆವು. ಆ ಹುಡುಗಿ ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಪ್ಲಗ್ ಹಾಕಿದ ಐದನೇ ನಿಮಿಷಕ್ಕೆ ಒಳಗಿನಿಂದ ‘ಢಬ್’ ಎಂದಿತು. ಮೀನು ಸುಟ್ಟ ಹಾಗೆ ವಾಸನೆ, ಬಿಳಿಯ ಹೊಗೆ. ಗೂಬೆಯ ಅಪಶಕುನ ಕೊನೆಗೂ ನಿಜವಾಯಿತೆಂದುಕೊಂಡೆ. ಟಿವಿ ರಿಪೇರಿಯವರು ಬಿಚ್ಚಿ ನೋಡಿ, “ಏನಿಲ್ಲ ಮೇಡಂ, ಕಂಡೆನ್ಸರ್ ಹೋಗಿದೆ. ಹಳೇ ಕಾಲದ್ದು, ತೇವ ಕುಡಿದಿದೆ” ಎಂದು ಹೊಸದು ಹಾಕಿಕೊಟ್ಟರು. ಮನೆಯ ಅಟ್ಟದ ಮೇಲಿದ್ದ ಡಬ್ಬಿ ಟಿವಿ ತಂದು ಜೋಡಿಸಿದೆವು. ಕೂಗು ಹಾಕಿ ಎದ್ದಿತು. ಪರದೆಯ ಮೇಲೆ ಅದರ ಹೆಸರು, ‘೩೨ ಕೆ’ ಎಂಬ ಅಂಕೆ, ಕೆಳಗೆ ಮಿಣುಕುವ ಒಂದು ಗೆರೆ. ನನಗೆ ಗಂಟಲು ಕಟ್ಟಿತು. ಹುಡುಗಿ, “ಅಷ್ಟೇನಾ?” ಎಂದಳು.

ಪ್ರೋಗ್ರಾಮು ಮೂವತ್ತು ಸಾಲೂ ಇರಲಿಲ್ಲ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದವರಿಗೆ ಅದು ಸುಲಭವಾಗಿ ತಿಳಿಯುತ್ತದೆ. ಈ ತಿಂಗಳ ಬಾಕಿಗೆ ಬಡ್ಡಿ ಸೇರಿಸಿದರೆ ಮುಂದಿನ ತಿಂಗಳ ಬಾಕಿ. ಅದಕ್ಕೆ ಮತ್ತೆ ಬಡ್ಡಿ. ಬೆಳಕಿನ ಕಿರಣವೂ ಹಾಗೆಯೇ. ಈಗ ಕುಳಿಯಿಂದ ಎಷ್ಟು ದೂರವಿದೆ, ಎಷ್ಟು ಬಾಗುತ್ತಿದೆ ಎಂಬ ಎರಡು ಅಂಕೆ ಗೊತ್ತಿದ್ದರೆ ಒಂದು ಹೆಜ್ಜೆ ಮುಂದಿನ ಅಂಕೆಗಳು ಸಿಗುತ್ತವೆ. ಅವುಗಳಿಂದ ಇನ್ನೊಂದು ಹೆಜ್ಜೆ. ಒಂದು ಕಿರಣಕ್ಕೆ ನೂರು ಹೆಜ್ಜೆಯೊಳಗೇ ಮುಗಿಯುತ್ತದೆ. ನಮ್ಮ ಯಂತ್ರ ಒಂದು ಕಿರಣ ಎಳೆಯಲು ಕೆಲವು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಬಲಗಡೆಯಿಂದ ಬೆಳಕಿನ ಗೆರೆ ಹೊರಟು, ನಡುವಿನ ಕತ್ತಲ ವೃತ್ತದ ಹತ್ತಿರ ಬರುತ್ತ ಬಾಗಿ, ತಪ್ಪಿಸಿಕೊಂಡು ಹೋಗುತ್ತದೆ. ಅದರ ಕೆಳಗಿನ ಕಿರಣ ಇನ್ನೂ ಹೆಚ್ಚು ಬಾಗುತ್ತದೆ. ಅದರ ಕೆಳಗಿನದು ಒಳಗೆ ಬಿದ್ದೇಹೋಗುತ್ತದೆ.

ಎಲ್ಲಿ ಬೀಳುತ್ತದೆ ಎನ್ನುವುದೇ ಸೋಜಿಗ. ಕುಳಿಯ ಅಂಚಿಗೆ ಗುರಿಯಿಟ್ಟ ಕಿರಣವಷ್ಟೇ ಬೀಳುವುದಲ್ಲ. ಕುಳಿಯ ಅಳತೆಯ ಸುಮಾರು ೨.೬ ಪಟ್ಟು ದೂರದಲ್ಲಿ ಹಾಯ್ದು ಹೋಗಬೇಕಾದದ್ದನ್ನೂ ಅದು ಎಳೆದುಕೊಳ್ಳುತ್ತದೆ. ಆದ್ದರಿಂದ ನಮಗೆ ಕಾಣುವ ನೆರಳು ಕುಳಿಗಿಂತ ಅಷ್ಟು ದೊಡ್ಡದು. ಸರಿಯಾಗಿ ಆ ಗಡಿಯ ಹತ್ತಿರದ ಕಿರಣ ಬೀಳಲೂ ಆಗದೆ, ಹೋಗಲೂ ಆಗದೆ ಕುಳಿಗೆ ಪ್ರದಕ್ಷಿಣೆ ಹಾಕುತ್ತದೆ. ಹುಡುಗಿಗೆ ಆ ಕಿರಣ ಬಹಳ ಹಿಡಿಸಿತು. ೨.೬೦ ಕೊಟ್ಟಳು, ೨.೫೯ ಕೊಟ್ಟಳು, ನಡುವೆ ಇನ್ನೊಂದು ಅಂಕೆ ಸೇರಿಸಿದಳು. “ಮೇಡಂ, ಇದು ಒಂದು ಸುತ್ತು ಹಾಕಿ ಬಚಾವಾಯ್ತು!” ಎಂದು ಕೂಗಿದಳು.

ಆಮೇಲೆ ತಂಗಿಯ ಮಗಳು ಒಂದು ಕೆಲಸ ಮಾಡಿದಳು. ಬಾಗುವಿಕೆಯ ಸಾಲಿನಲ್ಲಿದ್ದ ಒಂದು ಗುಣಾಕಾರವನ್ನು ಅಳಿಸಿ ಮತ್ತೆ ಓಡಿಸಿದಳು. ಎಲ್ಲ ಕಿರಣಗಳೂ ಅಡ್ಡಪಟ್ಟಿಯಲ್ಲಿ ಗೀಚಿದಂತೆ ನೇರವಾಗಿ ಹೋದವು. ಐನ್‌ಸ್ಟೈನ್, ಶ್ವಾರ್ಜ್‌ಷೀಲ್ಡ್ ಎಲ್ಲರೂ ಆ ಒಂದು ಗುಣಾಕಾರದಲ್ಲಿದ್ದರು. ಅದಿಲ್ಲದಿದ್ದರೆ ಕಪ್ಪುಕುಳಿಯೇ ಇಲ್ಲ. “ಇಷ್ಟೇನಾ ಮೇಡಂ?” ಎಂದಳು ಹುಡುಗಿ ಮತ್ತೆ. ಆದರೆ ಈ ಸಲದ ‘ಇಷ್ಟೇನಾ’ ಬೇರೆಯಿತ್ತು. ನನಗೂ ಅದೇ ಅನ್ನಿಸುತ್ತಿತ್ತು. ಇಷ್ಟನ್ನು ತಿಳಿಯಲು ನಲವತ್ತು ವರ್ಷ ಬೇಕಾಯಿತೇ?

ಕಿರಣಗಳಾದವು, ಇನ್ನು ಲ್ಯೂಮಿನೆ ಅವರ ಹಾಗೆ ಪೂರ್ತಿ ಚಿತ್ರ. ನಮ್ಮ ಪರದೆಯಲ್ಲಿ ಅಡ್ಡಕ್ಕೆ ೩೨೦, ಉದ್ದಕ್ಕೆ ೨೫೬, ಒಟ್ಟು ೮೧,೯೨೦ ಚುಕ್ಕಿ. ಚುಕ್ಕಿಗೆ ೪ ಸೆಕೆಂಡಿನಂತೆ ಲೆಕ್ಕ ಹಾಕಿದರೂ ಹತ್ತಿರ ಹತ್ತಿರ ನಾಲ್ಕು ಹಗಲು ನಾಲ್ಕು ರಾತ್ರಿ. ದೊಡ್ಡವರಿಗೂ ಈ ಕಾಯುವಿಕೆ ತಪ್ಪಿದ್ದಲ್ಲ. ೨೦೧೪ರ ‘ಇಂಟರ್‌ಸ್ಟೆಲ್ಲರ್’ ಸಿನಿಮಾದ ಕಪ್ಪುಕುಳಿಗೆ ಎಷ್ಟೋ ಕಂಪ್ಯೂಟರುಗಳು ದುಡಿದರೂ ಕೆಲವು ಚಿತ್ರಗಳಿಗೆ ನೂರು ಗಂಟೆ ಹಿಡಿಯಿತಂತೆ. ಆದರೆ ಬಡವರಿಗೆ ಒಂದು ಉಪಾಯವುಂಟು. ಕುಳಿ ಎಲ್ಲ ಕಡೆಯಿಂದಲೂ ಗುಂಡಗಿದೆ. ಮೇಲಿನಿಂದ ಬರಲಿ, ಪಕ್ಕದಿಂದ ಬರಲಿ, ಅಷ್ಟೇ ದೂರದಲ್ಲಿ ಹಾಯುವ ಕಿರಣ ಅಷ್ಟೇ ಬಾಗುತ್ತದೆ. ಹಾಗಾಗಿ ಕೆಲವೇ ಡಜನ್ ಕಿರಣಗಳ ದಾರಿಯನ್ನು ಒಮ್ಮೆ ಲೆಕ್ಕ ಹಾಕಿ ಪಟ್ಟಿ ಮಾಡಿಕೊಂಡರೆ ಸಾಕು. ಅನಿಲದ ತಟ್ಟೆಯ ಮೇಲೆ ಬಳೆಗಳಂತೆ ಉಂಗುರಗಳನ್ನು ಎಣಿಸಿಕೊಂಡು, ಒಂದೊಂದು ಉಂಗುರ ನಮ್ಮ ಕಣ್ಣಿಗೆ ಯಾವ ಆಕಾರದಲ್ಲಿ ಕಾಣುತ್ತದೆಂದು ಆ ಪಟ್ಟಿಯಿಂದ ಕಂಡುಹಿಡಿಯಬಹುದು.

ಆ ಪಟ್ಟಿ ತಯಾರಾಗುತ್ತಿದ್ದ ಶನಿವಾರ ಮಧ್ಯಾಹ್ನ, ಎರಡು ಗಂಟೆ ಓಡಿದ ಮೇಲೆ, ಕರೆಂಟು ಹೋಯಿತು. ಈ ಯಂತ್ರಕ್ಕೆ ಕರೆಂಟಿರುವವರೆಗೆ ಮಾತ್ರ ನೆನಪು. ಅಂಕೆಗಳೂ ಹೋದವು, ಪ್ರೋಗ್ರಾಮೂ ಹೋಯಿತು. ಮೂವರೂ ಕಪ್ಪು ಪರದೆ ನೋಡುತ್ತ ಕೂತೆವು. ಆಗ ಹುಡುಗಿ ಸಹಜವಾಗಿ ಕೇಳಿದಳು: “ಮೇಡಂ, ಇದನ್ನೇ ಯಾಕೆ ಕಟ್ಕೊಂಡು ಕೂತಿದೀವಿ? ಪಕ್ಕದ ರೂಮಲ್ಲಿ ಎಂಟು ಹೊಸ ಕಂಪ್ಯೂಟರ್ ಇದಾವಲ್ಲ, ಯುಪಿಎಸ್ಸೂ ಇದೆ. ಬೀಗದ ಕೈ ನಿಮ್ಹತ್ರಾನೇ ಇದೆ ಅಲ್ವಾ?”

ಇತ್ತು. ಸರಕಾರದ ಯೋಜನೆಯೊಂದರಲ್ಲಿ ಬಂದ ಎಂಟು ಕಂಪ್ಯೂಟರುಗಳು. ಗುತ್ತಿಗೆಯ ಮೇಲಿದ್ದ ಕಂಪ್ಯೂಟರ್ ಶಿಕ್ಷಕರು ಅವಧಿ ಮುಗಿದು ಹೋದ ಮೇಲೆ ಆ ಕೋಣೆಯ ಉಸ್ತುವಾರಿ ನನ್ನದು. ವಾರಕ್ಕೊಮ್ಮೆ ಬಾಗಿಲು ತೆಗೆಸಿ ಗುಡಿಸಿಸುತ್ತೇನೆ. ಇನ್‌ಸ್ಪೆಕ್ಷನ್ ಬಂದಾಗ ಬಟ್ಟೆ ತೆಗೆದು ತೋರಿಸುತ್ತೇನೆ. ಬೀಗದ ಕೈ ನನ್ನ ಸೊಂಟದ ಗೊಂಚಲಿನಲ್ಲಿ, ಮನೆಯ ಬೀರುವಿನ ಕೈಯ ಪಕ್ಕದಲ್ಲೇ ಇದೆ. ನಾನು ಬಾಯಿ ತೆರೆದೆ. “ಅದು ಸರಕಾರದ ಸ್ವತ್ತು ಕಣೇ. ಹಾಳಾದ್ರೆ ಯಾರು ಹೊಣೆ?” ಎಂದೆ.

ಹೇಳಿದ ಮೇಲೆ ಆ ಮಾತು ಯಾರದೆಂದು ಗುರುತಾಯಿತು. ಧ್ವನಿ ಹೆಣ್ಣಿನದು ಅಷ್ಟೇ ವ್ಯತ್ಯಾಸ. ಹುಡುಗಿ ಸುಮ್ಮನಾದಳು. ಹದಿನೈದು ವರ್ಷದ ನಾನೂ ಹಾಗೇ ಸುಮ್ಮನಾಗಿದ್ದೆ. ತಂಗಿಯ ಮಗಳು ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದಳು. ಬೀಗದ ಕಥೆಯನ್ನು ಚಿಕ್ಕಂದಿನಿಂದ ನನ್ನ ಬಾಯಲ್ಲಿ ಕೇಳಿ ಬೆಳೆದವಳು ಅವಳು. ಎಷ್ಟು ಬ್ಯಾಚುಗಳು ಆ ಬಾಗಿಲ ಮುಂದೆ ಹಾದುಹೋಗಿರಬಹುದು? ಅದರಲ್ಲಿ ಕೇಳಬೇಕೆಂದುಕೊಂಡು ಕೇಳದೆ ಹೋದವರು ಎಷ್ಟು ಜನ? ಆ ಸಾರ್ ಅವರನ್ನು ಇಷ್ಟು ವರ್ಷ ದೂರಿದೆನಲ್ಲ, ಅವರಿಗಿದ್ದದ್ದು ದುರುದ್ದೇಶವಲ್ಲ, ಸಂಬಳ ಹಿಡಿದಾರೆಂಬ ಭಯ. ನನಗಿದ್ದದ್ದೂ ಅದೇ. ಆದರೆ ಭಯಪಟ್ಟವರು ಒಳ್ಳೆಯವರಾದ ಮಾತ್ರಕ್ಕೆ ಬೀಗ ತೆರೆದುಕೊಳ್ಳುವುದಿಲ್ಲವಲ್ಲ.

ಸೋಮವಾರ ಬೆಳಿಗ್ಗೆ ಬೀಗ ತೆಗೆದೆ. ಅದೇ ಪ್ರೋಗ್ರಾಮನ್ನು ಹೊಸ ಕಂಪ್ಯೂಟರಿಗೆ ಹೊಂದಿಸಿ ಓಡಿಸಿದರು. ರೆಪ್ಪೆ ಮುಚ್ಚಿ ತೆರೆಯುವುದರೊಳಗೆ 'ಮುಗಿಯಿತು' ಎಂದಿತು. ತಮಾಷೆಯೆಂದರೆ ಹುಡುಗಿಗೆ ಬೇಜಾರಾಯಿತು. “ಇದ್ರಲ್ಲಿ ಕಿರಣ ಬೀಳೋದೇ ಕಾಣ್ಸಲ್ಲ ಮೇಡಂ. ಅದ್ರಲ್ಲಿ ಒಂದೊಂದೂ ಬೀಳ್ಲಾ ಬೇಡ್ವಾ ಅಂತ ಯೋಚ್ನೆ ಮಾಡ್ತಿತ್ತು” ಎಂದಳು. ನಿಧಾನಕ್ಕೂ ಒಂದು ಪಾಠವಿದೆ. ಲೋಕದ ಎಷ್ಟೋ ಕಡೆ ಹವ್ಯಾಸಿಗಳು ಇಂದಿಗೂ ಈ ಹಳೆಯ ಯಂತ್ರಗಳನ್ನು ದುರಸ್ತಿ ಮಾಡಿ ಇಟ್ಟುಕೊಂಡಿರುವುದು ಯಾಕೆಂದು ಆಗ ಸ್ವಲ್ಪ ತಿಳಿಯಿತು. ಅವು ಮಾಡುವ ಕೆಲಸ ಕಣ್ಣಿಗೆ ಕಾಣುತ್ತದೆ.

ಆದ್ದರಿಂದ ಎರಡನ್ನೂ ಬಳಸಿಕೊಂಡೆವು. ಕಿರಣಗಳ ದಾರಿ ನೋಡಲು ಗೂಬೆ, ಪಟ್ಟಿಯ ಅಂಕೆಗಳಿಗೆ ಹೊಸದು. ಚಿತ್ರವನ್ನು ಮಾತ್ರ ಕೈಯಿಂದಲೇ ಮಾಡೋಣವೆಂದು ಹುಡುಗಿ ಹಟ ಹಿಡಿದಳು. ಕರಿಯ ಚಾರ್ಟ್ ಹಾಳೆ, ಬಿಳಿಯ ಬಣ್ಣ, ಬೆಂಕಿಕಡ್ಡಿಯ ತುದಿ. ಅವಳ ಜೊತೆಗೆ ಇನ್ನೂ ನಾಲ್ವರು ಸೇರಿಕೊಂಡರು. ಉಂಗುರ ಉಂಗುರವಾಗಿ ಚುಕ್ಕಿ ಇಡುತ್ತ ಹೋದಂತೆ ವಿಚಿತ್ರವೊಂದು ಮೂಡಿತು. ತಟ್ಟೆಯ ನಡುವೆ ರಾಗಿಮುದ್ದೆ ಇಟ್ಟು, ತಟ್ಟೆಯ ಮಟ್ಟಕ್ಕೆ ಬಗ್ಗಿ ನೋಡಿ. ಮುದ್ದೆಯ ಹಿಂದಿನ ತಟ್ಟೆಯ ಅಂಚು ನಿಮಗೆ ಕಾಣುವುದಿಲ್ಲ. ಕಪ್ಪುಕುಳಿಯ ಹಿಂದಿನ ಅಂಚು ಕಾಣುತ್ತದೆ! ಅಲ್ಲಿಂದ ಹೊರಟ ಬೆಳಕು ಮುದ್ದೆಯ ಮೇಲಿನಿಂದ ಬಾಗಿ ನಮ್ಮ ಕಣ್ಣಿಗೆ ಬರುತ್ತದೆ. ಹಾಗಾಗಿ ತಟ್ಟೆಯ ಹಿಂಭಾಗ ಕತ್ತಲಿನ ಮೇಲೆ ಕಮಾನಿನಂತೆ ಎದ್ದು ನಿಲ್ಲುತ್ತದೆ. ನಮ್ಮ ಕಡೆಗೆ ತಿರುಗಿ ಬರುವ ಅನಿಲ ಹೆಚ್ಚು ಹೊಳೆಯುವುದರಿಂದ ಒಂದು ಪಕ್ಕದಲ್ಲಿ ಚುಕ್ಕಿ ಒತ್ತಾಗಿ, ಇನ್ನೊಂದು ಪಕ್ಕದಲ್ಲಿ ವಿರಳವಾಗಿ ಬಂತು.

೨೦೧೯ರ ಏಪ್ರಿಲ್ ೧೦ರಂದು ಎಂ೮೭ ಎಂಬ ಗೆಲಾಕ್ಸಿಯ ನಡುವಿನ ಕಪ್ಪುಕುಳಿಯ ನಿಜವಾದ ಚಿತ್ರ ಪ್ರಕಟವಾಯಿತು. ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರ, ೬೫೦ ಕೋಟಿ ಸೂರ್ಯರ ತೂಕ. ನಡುವೆ ಕತ್ತಲು, ಸುತ್ತ ಹೊಳಪಿನ ಉಂಗುರ, ಅದರ ಒಂದು ಪಕ್ಕ ಹೆಚ್ಚು ಬೆಳಕು. ಲ್ಯೂಮಿನೆ ಅವರು ಚುಕ್ಕಿ ಇಟ್ಟು ನಲವತ್ತು ವರ್ಷಗಳಾಗಿದ್ದವು. ಆ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ನಾನೇ ನೋಟಿಸ್ ಬೋರ್ಡಿಗೆ ಅಂಟಿಸಿದ್ದೆ. ಕಂಪ್ಯೂಟರ್ ಕೋಣೆಯ ಬೀಗ ಹಾಕಿದ ಬಾಗಿಲ ಪಕ್ಕದಲ್ಲೇ ಆ ಬೋರ್ಡು.

ಹುಡುಗಿಯರ ಚಾರ್ಟು ಈಗ ಅಲ್ಲಿಯೇ ತೂಗುತ್ತಿದೆ. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಬಿಬಿಸಿ ಕಂಪ್ಯೂಟರಿನ ಮುಂದೆ ‘ಉಪಯೋಗದಲ್ಲಿದೆ’ ಎಂದು ಬರೆದಿದ್ದೇನೆ. ಕೋಣೆಯ ಬೀಗದ ಕೈಯನ್ನು ಗೊಂಚಲಿನಿಂದ ತೆಗೆದು ಸ್ಟಾಫ್ ರೂಮಿನ ಗೋಡೆಯ ಮೊಳೆಗೆ ಹಾಕಿದ್ದೇನೆ. ಪಕ್ಕದಲ್ಲಿ ಒಂದು ನೋಟ್‌ಬುಕ್ಕು. ಹೆಸರು, ಹೊತ್ತು ಬರೆದು ತೆಗೆದುಕೊಂಡು ಹೋಗಬೇಕು. ಸಾಯಂಕಾಲ ನಾಲ್ಕೂವರೆಯ ಮೇಲೆ ಅಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಎಲ್ಲರೂ ಕಪ್ಪುಕುಳಿಯನ್ನೇ ಬಿಡಿಸುತ್ತಾರೆಂದಲ್ಲ; ಒಬ್ಬಳು ತನ್ನ ತಾಯಿಯ ಟೈಲರಿಂಗ್ ಅಂಗಡಿಯ ಲೆಕ್ಕ ಬರೆಯುತ್ತಿದ್ದಳು.

ಹೋದ ವಾರ ಒಂದು ಕೀಬೋರ್ಡಿನ ಮೇಲೆ ಯಾರೋ ನೀರು ಚೆಲ್ಲಿದ್ದಾರೆ. ಕೆಟ್ಟುಹೋಯಿತು. ಹೆಡ್‌ಮಾಸ್ಟರರು ಕರೆಸಿ, “ಇದಕ್ಕೆ ಯಾರು ಹೊಣೆ ಮೇಡಂ?” ಎಂದು ಕೇಳಿದರು.

“ನಾನೇ ಸಾರ್” ಎಂದೆ.